ಪ್ಲಾಸ್ಟಿಕ್ಕಿನ ಮೇಲೆ ನಿಲ್ಲದ ಮುದ್ರೆ

ಎರಡು ವರ್ಷದ ಹಿಂದಿನ ಶ್ರಾವಣ. ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಸೇರಿದ್ದು ನರ್ಸ್ ಆಗಿ ಅಲ್ಲ, ಸಹಾಯಕಿಯಾಗಿ. ಹೈದರಾಬಾದಿನ ಐಸಿಯುಗಳಲ್ಲಿ ವರ್ಷಗಟ್ಟಲೆ ದುಡಿದ ಕೈ ಇಲ್ಲಿ ಬೆಡ್‌ಪ್ಯಾನ್ ತೊಳೆಯುತ್ತಿತ್ತು, ಹಾಸಿಗೆ ಬಟ್ಟೆ ಬದಲಿಸುತ್ತಿತ್ತು. ಸೂಜಿ ಮಾತ್ರ ಮುಟ್ಟುವ ಹಾಗಿರಲಿಲ್ಲ.

ಕಾರಣ, ನನ್ನ ನರ್ಸಿಂಗ್ ನೋಂದಣಿ ಇದ್ದದ್ದು ತೆಲಂಗಾಣದಲ್ಲಿ. ನಮ್ಮೂರು ದೇವದುರ್ಗದ ಕಡೆಯ ಅರಕೇರಾ. ನಾನು ಚಿಕ್ಕವಳಿದ್ದಾಗಲೇ ಅಪ್ಪ ಅವ್ವ ಹೈದರಾಬಾದಿಗೆ ಗುಳೆ ಹೋದರು. ಅಪ್ಪ ಗೌಂಡಿ ಕೆಲಸ ಮಾಡುತ್ತಿದ್ದ, ಅವ್ವ ಸಿಮೆಂಟು ಹೊರುತ್ತಿದ್ದಳು. ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಬೆಳೆದು, ಅಲ್ಲೇ ಓದಿ, ಅಲ್ಲೇ ನರ್ಸಿಂಗ್ ಮುಗಿಸಿದೆ. ಮದುವೆಯಾಗಿ ಮಾನ್ವಿಗೆ ಬಂದ ಮೇಲೆ ಗೊತ್ತಾಯಿತು, ಕೃಷ್ಣೆಯ ಆಚೆ ನರ್ಸ್ ಆಗಿದ್ದವಳು ಈಚೆ ಬಂದರೆ ಏನೂ ಅಲ್ಲ ಅಂತ. ಆ ರಾಜ್ಯದವರು ತಮ್ಮ ಅಭ್ಯಂತರವಿಲ್ಲ ಎಂದು ಪತ್ರ ಕೊಡಬೇಕು, ನನ್ನ ಮೂಲ ಪ್ರಮಾಣಪತ್ರದ ಹಿಂಬದಿಗೆ ಮುದ್ರೆ ಒತ್ತಬೇಕು. ಅದನ್ನು ನೋಡಿ ಬೆಂಗಳೂರಿನವರು ಹೊಸ ನಂಬರು ಕೊಡಬೇಕು. ಅಲ್ಲಿಯವರೆಗೆ ಹುಟ್ಟಿದ ಜಿಲ್ಲೆಯಲ್ಲೇ ನಾನು ಹೊರಗಿನವಳು.

ನಮ್ಮ ವಾರ್ಡಿನ ಇನ್‌ಚಾರ್ಜ್ ಶಾಹೀನ್ ಸಿಸ್ಟರ್ ಒಳ್ಳೆಯವರು. ಮೊದಲ ವಾರವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಗಂಗಾ, ನಿನಗ ಕೆಲಸ ಬರ್ತದ ಅಂತ ನನಗ ಗೊತ್ತದ. ಆದ್ರ ನಂಬರ್ ಇಲ್ದ ನಿನ್ನ ಕೈಯಾಗ ಸಿರಿಂಜ್ ಕೊಟ್ರ ನನ್ನ ನೌಕರಿ ಹೋಗ್ತದ. ಸ್ಟಾಫ್ ನರ್ಸ್ ಜಾಗ ದಸರಾ ತನಕ ಖಾಲಿ ಇಡ್ರಿ ಅಂತ ಮಾಲಕರಿಗೆ ಹೇಳೀನಿ. ಅಷ್ಟರಾಗ ನಂಬರ್ ತಗೊಂಡು ಬಾ."

ದಿನಾ ಬೆಳಿಗ್ಗೆ ಮಾನ್ವಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದೆ, ಸಂಜೆ ನಿಂತುಕೊಂಡೇ ಹೋಗುತ್ತಿದ್ದೆ. ದಣಿವು ಬಸ್ಸಿನದಲ್ಲ. ಒಂದು ದಿನ ಒಬ್ಬ ಅಜ್ಜನಿಗೆ ಹಚ್ಚಿದ್ದ ಸಲೈನ್ ನರ ತಪ್ಪಿ ಕೈ ಬಾತುಕೊಂಡಿತ್ತು. ನೋಡಿದ ಕೂಡಲೇ ನನ್ನ ಕೈ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ. ಓಡಿಹೋಗಿ ನರ್ಸ್ ಹುಡುಗಿಯನ್ನು ಕರೆದೆ, ಅವಳು ಬೇರೆ ಪೇಶೆಂಟಿನ ಹತ್ತಿರ ಇದ್ದಳು. ಅವಳು ಬರುವ ತನಕ ಅಜ್ಜನ ಕೈ ಹಿಡಿದುಕೊಂಡು ಸುಮ್ಮನೆ ನಿಂತೆ. "ಏ ಆಯಾ, ನಿನಗೇನ್ ಗೊತ್ತಾಗ್ತದ, ಡಾಕ್ಟರ್‌ನ ಕರೀ" ಎಂದು ಅವನ ಮಗ ರೇಗಿದ. ಅವತ್ತು ಬಸ್ಸಿನಲ್ಲಿ ಅಳು ಬಂತು.

ಮೂಲ ಪ್ರಮಾಣಪತ್ರ ಅರಕೇರಾದ ಮನೆಯ ಗೋಡೆಯ ಮೇಲಿತ್ತು. ನಾನು ಪಾಸಾದ ವರ್ಷವೇ ಮೊಣಕಾಲು ನೋವೆಂದು ಅಪ್ಪ ಅವ್ವ ಊರಿಗೆ ಮರಳಿದ್ದರು. ಹೈದರಾಬಾದಿನ ಆಸ್ಪತ್ರೆಗಳಿಗೆ ಜೆರಾಕ್ಸ್ ಸಾಕಾಗಿತ್ತಾದ್ದರಿಂದ ಮೂಲಪ್ರತಿ ಅಪ್ಪನ ಹತ್ತಿರ ಉಳಿಯಿತು. ಅಪ್ಪ ಅದನ್ನು ದೇವದುರ್ಗಕ್ಕೆ ಒಯ್ದು ಬಸ್‌ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದ್ದ. ನಮ್ಮ ಕಡೆ ಬೆಲೆ ಇರುವ ಕಾಗದ ಅಂದರೆ ಲ್ಯಾಮಿನೇಷನ್ ಆಗಲೇಬೇಕು. ರೇಷನ್ ಕಾರ್ಡು, ಶಾಲೆಯ ಟಿಸಿ, ತೀರಿಹೋದ ಅಜ್ಜನ ಫೋಟೊ, ಎಲ್ಲಕ್ಕೂ ಅದೇ ಮರ್ಯಾದೆ. ಹಿಂಬದಿಗೆ ಮುಂದೆ ಯಾರಾದರೂ ಮುದ್ರೆ ಒತ್ತಬೇಕಾದೀತು ಎಂದು ಓದಿದ ನನಗೇ ಹೊಳೆದಿರಲಿಲ್ಲ, ಅಪ್ಪನಿಗೆ ಹೇಗೆ ಹೊಳೆಯಬೇಕು?

ಹೈದರಾಬಾದಿಗೆ ಅಪ್ಪನೂ ಹೊರಟ. "ಆ ಊರಿನ ಗಲ್ಲಿ ಗಲ್ಲಿ ನನಗ ಗೊತ್ತದ ಯವ್ವಾ, ಒಬ್ಬಾಕಿ ಹೆಂಗ ಹೋಗ್ತಿ?" ಎಂದ. ನಾನು ಅದೇ ಊರಲ್ಲಿ ಒಬ್ಬಳೇ ವರ್ಷಗಟ್ಟಲೆ ಇದ್ದೆ ಅನ್ನುವುದು ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಪ್ರಮಾಣಪತ್ರವನ್ನು ಹೊಸ ಟವೆಲಿನಲ್ಲಿ ಸುತ್ತಿಕೊಂಡು ರೈಲಿನಲ್ಲಿ ಉದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದ.

ನೋಂದಣಿ ಕಚೇರಿಯಲ್ಲಿ ದೊಡ್ಡ ಸಾಲು. ಮಾತೆಲ್ಲ ತೆಲುಗಿನಲ್ಲಿ ನಡೆದದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಸರದಿ ಬಂದಾಗ ಗುಮಾಸ್ತರು ಕಾಗದಗಳನ್ನೆಲ್ಲ ನೋಡಿ ತಲೆಯಾಡಿಸಿದರು. ಪ್ರಮಾಣಪತ್ರ ತಿರುವಿ ಹಾಕಿ ಅಭ್ಯಾಸಬಲದಿಂದ ಮುದ್ರೆ ಒತ್ತಿಯೂ ಬಿಟ್ಟರು. ಮುದ್ರೆ ಜಾರಿತು. ನೀಲಿ ಶಾಯಿ ಪ್ಲಾಸ್ಟಿಕ್ಕಿನ ಮೇಲೆ ಹರಡಿ ಅವರ ಬೆರಳಿಗೇ ಮೆತ್ತಿಕೊಂಡಿತು.

"ಯಾರಮ್ಮ ಇದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದು?" ಎಂದು ಜೋರಾಗಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಬೆಂಚಿನ ಮೇಲಿದ್ದ ಅಪ್ಪ ಎದ್ದು ನಿಂತ. ಹೊಗಳುತ್ತಿದ್ದಾರೆ ಅಂದುಕೊಂಡಿದ್ದ. "ನಾನೇ ಸಾರ್! ದಪ್ಪಂದೇ ಹಾಕ್ಸೀನಿ. ನೀರಾಗ ಬಿದ್ರೂ ಏನೂ ಆಗಂಗಿಲ್ಲ," ಎಂದು ತನ್ನ ಗೌಂಡಿ ತೆಲುಗಿನಲ್ಲಿ ಹೇಳಿದ.

ಸಾಲಿಗೆ ಸಾಲೇ ನಕ್ಕಿತು. ನಾನು ನೆಲ ನೋಡಿದೆ.

ಗುಮಾಸ್ತರು ಕೆಟ್ಟವರೇನಲ್ಲ. ದನಿ ತಗ್ಗಿಸಿ ದಾರಿಯನ್ನೂ ಹೇಳಿಕೊಟ್ಟರು. "ಪ್ಲಾಸ್ಟಿಕ್ ಕಿತ್ತರೆ ಕಾಗದವೂ ಕಿತ್ತುಬರುತ್ತದೆ. ಕಳೆದುಹೋಗಿದೆ ಅಂತ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ತನ್ನಿ. ಬೇಗ ಡೂಪ್ಲಿಕೇಟ್ ಸಿಗುತ್ತದೆ. ಎಲ್ಲರೂ ಹಾಗೇ ಮಾಡುತ್ತಾರೆ."

ನಾನು ಹೂಂ ಅಂದೆ. ಸುಳ್ಳೋ ನಿಜವೋ ಎಂದು ಯೋಚಿಸುವ ತ್ರಾಣ ಇರಲಿಲ್ಲ. ದಸರಾ ಹತ್ತಿರ ಬರುತ್ತಿತ್ತು. ಹೊರಗೆ ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಎಲ್ಲ ಬಿಡಿಸಿ ಹೇಳಿದೆ. ಅವನ ಮುಖ ಸಣ್ಣದಾಯಿತು.

"ಕಳಕೊಂಡೀವಿ ಅಂತ ಬರೀಬೇಕೇನು?"

"ಹೂಂ ಯಪ್ಪಾ. ಬರೇ ಬರ್ದು ಕೊಡಾದು."

"ಶೆಡ್ಡು ಸೋರಿ ನಿನ್ನ ಪುಸ್ತಕ ಎಲ್ಲಾ ಒದ್ದಿ ಆಗಿದ್ವು, ನೆನಪದ ಏನು? ನಿಮ್ಮವ್ವ ಒಲಿ ಮುಂದ ಒಂದೊಂದ ಹಾಳಿ ಒಣಗ್ಸಿದ್ಲು. ಇದೊಂದರ ಒದ್ದಿ ಆಗಬಾರ್ದು ಅಂತ ಮಾಡ್ಸೀನಿ. ಕೆಡ್ಸೀನಿ ಅಂದ್ರ ಒಪ್ಕೋತೀನಿ. ಕಳಕೊಂಡೀನಿ ಅಂತ ಮಾತ್ರ ಅನ್ನಂಗಿಲ್ಲ."

"ಹಂಗಾರ ನನ್ನ ನೌಕರಿ ಹೋಗ್ಲೇನು?" ಎಂದೆ. ನನ್ನ ದನಿ ಏರಿತ್ತು.

ಅಪ್ಪ ಮೊಣಕಾಲು ಹಿಡಿದುಕೊಂಡು ಎದ್ದ. ಟವೆಲನ್ನು ಹೆಗಲಿಗೆ ಹಾಕಿಕೊಂಡು, ಪ್ರಮಾಣಪತ್ರ ಎದೆಗೆ ಒತ್ತಿಕೊಂಡು, ಸಾಲು ದಾಟಿ ನೇರವಾಗಿ ಅಧಿಕಾರಿಯ ಕೋಣೆಗೆ ನಡೆದ. ಬಾಗಿಲಲ್ಲಿದ್ದವನು ತಡೆಯುವಷ್ಟರಲ್ಲಿ ಒಳಗೆ ಹೋಗಿಯಾಗಿತ್ತು. ನಾನು ಹಿಂದೆ ಓಡಿದೆ.

ಅಲ್ಲಿ ವಯಸ್ಸಾದ ಹೆಂಗಸೊಬ್ಬರು ಊಟದ ಡಬ್ಬಿ ಬಿಚ್ಚುತ್ತಿದ್ದರು. ಅಪ್ಪ ಕೈ ಮುಗಿದ. "ಅಮ್ಮಾ, ಇದು ಕಳದಿಲ್ಲ. ಇಲ್ಲೇ ಅದ. ಪ್ಲಾಸ್ಟಿಕ್ ಹಾಕ್ಸಿದ್ದು ನನ್ನ ತಪ್ಪು. ನನ್ನ ತಪ್ಪಂತ ಬರಕೋರಿ, ನನ್ನ ಮಗಳ ಕೈಲಿ ಸುಳ್ಳ ಬರಸಬ್ಯಾಡ್ರಿ."

ಬೈಗುಳ ಬೀಳುತ್ತದೆ ಅಂದುಕೊಂಡೆ. ಅವರು ಡಬ್ಬಿ ಮುಚ್ಚಿಟ್ಟರು. ಅಪ್ಪನಿಗೆ ಕುರ್ಚಿ ತೋರಿಸಿ ಎಲ್ಲ ಕೇಳಿದರು, ಶೆಡ್ಡಿನ ಮಳೆಯನ್ನೂ ಸೇರಿಸಿ. ಆಮೇಲೆ ಗುಮಾಸ್ತರನ್ನು ಕರೆಸಿ, "ಕಳೆದುಹೋದದ್ದಕ್ಕೆ ಕೊಡುವ ಹಾಗೆ ಕೆಟ್ಟುಹೋದದ್ದಕ್ಕೂ ಕೊಡಬಹುದಲ್ಲ?" ಎಂದರು. ಕೊಡಬಹುದು, ಆದರೆ ಹಳೆಯ ದಾಖಲೆ ತೆಗೆಸಿ ತಾಳೆ ನೋಡಬೇಕು, ಅದು ತಡ ಎಂದರು ಗುಮಾಸ್ತರು. ಅಧಿಕಾರಿ ನನ್ನ ಮುಖ ನೋಡಿದರು. "ತಡ ಆಗುತ್ತದಮ್ಮ. ನಡೆಯುತ್ತಾ?"

ಅಪ್ಪ ನನ್ನತ್ತ ನೋಡಲೇ ಇಲ್ಲ. ಗೋಡೆ ನೋಡುತ್ತ ಕೂತಿದ್ದ. "ನಡೆಯುತ್ತೆ ಮೇಡಂ," ಅಂದೆ. ಮನಸ್ಸಿನಿಂದ ಹೇಳಿದ ಮಾತಲ್ಲ ಅದು.

ಹೇಳಿಕೆ ಬರೆದದ್ದಾಯಿತು. ಅಪ್ಪ ಕನ್ನಡದಲ್ಲಿ ಒಂದೊಂದೇ ಅಕ್ಷರ ಒತ್ತಿ ಸಹಿ ಮಾಡಿದ. ಹಳೆಯದನ್ನು ರದ್ದು ಮಾಡಬೇಕಲ್ಲ, ಮೇಡಂ ರದ್ದಾಯಿತೆಂಬ ಮುದ್ರೆ ತರಿಸಿ ಒತ್ತಿದರು. ಅದೂ ಜಾರಿತು! ಅಷ್ಟು ಹೊತ್ತಿನ ಮೇಲೆ ಅವರಿಗೂ ನಗು ಬಂತು, ನನಗೂ ಬಂತು. ಕೊನೆಗೆ ಕತ್ತರಿ ತೆಗೆದುಕೊಂಡು ಒಂದು ಮೂಲೆ ಕತ್ತರಿಸಿದರು. ಕತ್ತರಿ ಆಡಿದಾಗ ಅಪ್ಪ ಕಣ್ಣು ಮುಚ್ಚಿಕೊಂಡ. ಮೇಡಂ ಅದರ ಜೆರಾಕ್ಸನ್ನು ಆ ಮೂಲೆಯ ಚೂರಿನ ಜೊತೆ ಫೈಲಿಗೆ ಸೇರಿಸಿ, ಉಳಿದದ್ದನ್ನು ಅಪ್ಪನ ಕೈಗೇ ಕೊಟ್ಟರು. "ಇನ್ನು ಯಾವ ಕೆಲಸಕ್ಕೂ ಬರುವುದಿಲ್ಲ. ಗೋಡೆಗೆ ಬರುತ್ತೆ, ತಗೊಂಡು ಹೋಗಿ." ಅಪ್ಪ ಅದನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡ.

ದಸರಾ ಬಂತು, ಹೋಯಿತು. ಡೂಪ್ಲಿಕೇಟ್ ಬರಲಿಲ್ಲ. "ಜಾಗ ತುಂಬ್ಯಾರ, ಗಂಗಾ. ನಾ ಭಾಳ ಹೇಳಿದೆ," ಎಂದು ಶಾಹೀನ್ ಸಿಸ್ಟರ್ ನನ್ನ ಕಣ್ಣು ತಪ್ಪಿಸಿ ಹೇಳಿದರು. ನಾನು ಬಕೆಟ್ ಎತ್ತಿಕೊಂಡು ಹೋದೆ. ಕಳೆದುಹೋಗಿದೆ ಎಂದು ಒಂದು ಸಾಲು ಬರೆದಿದ್ದರೆ ಆ ಜಾಗ ನನ್ನದಾಗುತ್ತಿತ್ತು. ಇದನ್ನು ಗಂಡನ ಮುಂದೆ ಎಷ್ಟೋ ಸಲ ಹೇಳಿಕೊಂಡೆ, ಅಪ್ಪನ ಮುಂದೆ ಹೇಳಲಿಲ್ಲ. ಡೂಪ್ಲಿಕೇಟ್ ಬಂದು, ಅದರ ಬೆನ್ನಿಗೆ ಮುದ್ರೆ ಬಿದ್ದು, ಬೆಂಗಳೂರಿಗೆ ಓಡಾಡಿ, ಕರ್ನಾಟಕದ ನಂಬರು ಕೈಗೆ ಸಿಕ್ಕಾಗ ಯುಗಾದಿ ಕಳೆದಿತ್ತು. ಅದೇ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಜಾಗ ತೆರವಾದಾಗ ಶಾಹೀನ್ ಸಿಸ್ಟರೇ ಫೋನ್ ಮಾಡಿ ಕರೆದರು. ಮೊದಲ ದಿನ ನಮ್ಮ ದೇವದುರ್ಗದ ಕಡೆಯ ಜಾಲಹಳ್ಳಿಯ ಮುದುಕಿಯೊಬ್ಬಳು ಕೈ ಚಾಚಿ, "ಸಿಸ್ಟರವ್ವಾ, ನೋವಾಗದಂಗ ಚುಚ್ಚು," ಅಂದಳು. ಒಂದೇ ಸಲಕ್ಕೆ ನರ ಸಿಕ್ಕಿತು.

ಮುದ್ರೆ ಬಿದ್ದ ಆ ಹೊಸ ಪ್ರಮಾಣಪತ್ರವನ್ನು ಅರಕೇರಾಕ್ಕೆ ಒಯ್ದೆ. ಅಪ್ಪ ಕೈ ತೊಳೆದು ಒರೆಸಿಕೊಂಡು, ಅಂಚು ಮಾತ್ರ ಹಿಡಿದು ನೋಡಿದ. ತಿರುವಿ ಹಿಂಬದಿ ನೋಡಿದ.

"ಇದರ ಹಿಂದ ಮುದ್ರಿ ಒತ್ತಾದು ಏನರ ಬಾಕಿ ಅದ ಏನು?"

"ಮುಂದ ಯಾವಾಗರ ಬೇಕಾದೀತು ಯಪ್ಪಾ."

"ಹಂಗಾರ ಹಂಗ ಇರ್ಲಿ. ನೀನೇ ಇಟ್ಕೋ," ಎಂದು ವಾಪಸು ಕೊಟ್ಟ.

ಆ ಕಚೇರಿಯ ನಗು ನನಗೆ ಈಗಲೂ ನೆನಪಾಗುತ್ತದೆ, ಆಗ ನೆಲ ನೋಡಿದ್ದು ನಾನು, ಅಪ್ಪ ಅಲ್ಲ. ಮೂಲೆ ಹೋದ ಹಳೆಯ ಪ್ರಮಾಣಪತ್ರ ಇನ್ನೂ ಅದೇ ಮೊಳೆಗೆ ತೂಗುತ್ತಿದೆ. ಬಂದವರು ಮೂಲೆ ಏನಾಯಿತೆಂದು ಕೇಳಿದರೆ ಅಪ್ಪ ಮುಚ್ಚಿಡುವುದಿಲ್ಲ. "ಅದನ್ನ ಹೈದರಾಬಾದಿನಾಗ ಅಮ್ಮಾರು ಕತ್ತರಿಸ್ಯಾರ," ಅನ್ನುತ್ತಾನೆ. "ಉಳದದ್ದು ಒಂಚೂರರ ಒದ್ದಿ ಆಗ್ಯದ ಏನು, ಮುಟ್ಟಿ ನೋಡ್ರಿ."