ದಿನಕ್ಕೆ ನಾಲ್ಕು ಸಲ ಬೀಳುವ ನೆವೆನಕ್ಕ

ರಿಲಾ ಬೆಟ್ಟದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಾರಣಿಗರ ತಂಗುಮನೆಯ ಹಿಂದೆ, ಹಿಮ ಕಟ್ಟಿದ ಹುಲ್ಲಿನ ಮೇಲೆ, ಐವತ್ತೆಂಟರ ನೆವೆನಾ ಕರಜೋವಾ ಕಾಲು ಮುರಿದವರಂತೆ ಬಿದ್ದುಕೊಂಡಿದ್ದಾರೆ. ಸುತ್ತ ಏಳು ಜನ ಬೆಟ್ಟದ ಮಾರ್ಗದರ್ಶಿಗಳು. ಆಸ್ಪತ್ರೆ ಐದು ತಾಸು ದೂರವಿರುವಲ್ಲಿ ಗಾಯಗೊಂಡವರ ಜೀವ ಉಳಿಸುವುದು ಹೇಗೆಂದು ಅವರಿಗೆ ಕಲಿಸುವುದು ಆಕೆಯ ಕೆಲಸ. ಇಪ್ಪತ್ತೆರಡು ವರ್ಷಗಳಿಂದ, ದಿನಕ್ಕೆ ನಾಲ್ಕು ಸಲ, ಹೀಗೇ ಬೀಳುತ್ತಿದ್ದಾರೆ.

ಇವತ್ತು ಪರೀಕ್ಷೆ. ಎರಡು ಸುತ್ತಿನಲ್ಲಿ ಒಂದಾದರೂ ಗೆಲ್ಲಬೇಕು. ಎರಡು ವರ್ಷದಿಂದ ಸೋಲುತ್ತಿರುವ ಅರವತ್ತೊಂದರ ಸ್ಪಾಸ್‌ಗೆ ಇದೇ ಕೊನೆಯ ಅವಕಾಶ. ತಪ್ಪಿದರೆ ಪರವಾನಗಿ ಹೋಗುತ್ತದೆ. ಈ ಬೆಟ್ಟ ಬಿಟ್ಟರೆ ಅವರಿಗೆ ಬೇರೆ ಬದುಕು ಗೊತ್ತಿಲ್ಲ.

ಸ್ಪಾಸ್ ಕಾಲಿಗೆ ಚೆನ್ನಾಗಿಯೇ ಕಟ್ಟು ಹಾಕುತ್ತಾರೆ. ಆಮೇಲೆ ಕೈ ತಾನಾಗಿ ಎದೆಯ ಜೇಬಿಗೆ ಹೋಗಿ, ರಾಕಿಯಾ ಎಂಬ ಹಣ್ಣಿನ ಸಾರಾಯಿ ತುಂಬಿದ ಚಪ್ಪಟೆ ಬಾಟಲಿ ಹೊರಗೆ ಬರುತ್ತದೆ.

“ಒಂದು ಗುಟುಕು ಹಾಕು ತಂಗಿ, ಮೈ ಬೆಚ್ಚಗಾಗುತ್ತೆ.”

“ಅಯ್ಯೋ ಸ್ಪಾಸಣ್ಣ, ಮತ್ತೆ ಅದೇನಾ!” ನೆವೆನಾ ಎದ್ದು ಕೂರುತ್ತಾರೆ. “ಬೆಚ್ಚಗಾಗೋದು ಚರ್ಮ ಅಷ್ಟೇ. ಒಳಗಿನ ಕಾವೆಲ್ಲ ಸೋರಿಹೋಗುತ್ತೆ.”

“ನಮ್ಮಜ್ಜನ ಕಾಲದಿಂದ ಕುಡಿಸ್ತಿದ್ದೀವಿ. ಯಾರು ಸತ್ತಿದ್ದಾರೆ ಹೇಳು?”

“ನನ್ನ ತಮ್ಮ. ಕುಡಿಸಿದ್ದು ನಾನೇ.”

ಅದು ಇಪ್ಪತ್ತಮೂರು ವರ್ಷದ ಹಿಂದಿನ ಮಾತು. ಹಿಮದಲ್ಲಿ ಸಿಕ್ಕಿಬಿದ್ದ ತಮ್ಮ ಒಗ್ನ್ಯಾನ್‌ಗೆ ಅಕ್ಕರೆಯಿಂದ ಅರ್ಧ ಬಾಟಲಿ ಕುಡಿಸಿ, ಜನ ಕರೆತರಲು ನೆವೆನಾ ಕೆಳಗೆ ಓಡಿದ್ದರು. ಮರಳಿದಾಗ ಅವನು ಸೆಕೆಯೆಂದು ಕೋಟು ಬಿಚ್ಚಿಟ್ಟು ಮಲಗಿಬಿಟ್ಟಿದ್ದ. ಮರುವರ್ಷವೇ ಆಕೆ ಈ ಕೆಲಸಕ್ಕೆ ಸೇರಿದರು.

“ಸಾಕಾಗಿದೆ ಕಣ್ರೀ,” ಬಿಡುವಿನಲ್ಲಿ ತಂಗುಮನೆಯೊಳಗೆ ಚಹಾ ಹಿಡಿದು ಅಲ್ಲಿನ ಅಡುಗೆಯವರಿಗೆ ಹೇಳುತ್ತಾರೆ. “ಸೊಂಟ ಬಿದ್ದುಹೋಗಿದೆ. ಎಲ್ರೂ ಮೇಲೆ ಹೊದಿಸ್ತಾರೆ, ಕೆಳಗೆ ಹಾಸೋದು ಒಬ್ಬರಿಗೂ ನೆನಪಾಗಲ್ಲ. ನೆಲ ತಾನೇ ಮೈಕಾವು ಹೀರೋದು? ಹೇಳಿ ಹೇಳಿ ಬಾಯಿ ನೋವು ಬಂತು. ಪರೀಕ್ಷೇಲಿ ಒಬ್ಬರಾದ್ರೂ ತಾವಾಗೇ ಹಾಸಿದ್ದನ್ನ ನೋಡ್ಬೇಕು ನಾನು.”

ಎರಡನೆಯ ಸುತ್ತು. ಈಗ ಆಕೆ ಹಳ್ಳಕ್ಕೆ ಜಾರಿ ಬಿದ್ದು ನಡುಗುತ್ತಿರುವವರು. ಸ್ಪಾಸ್ ಕೈ ಮತ್ತೆ ಜೇಬಿಗೆ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ. ಬಾಟಲಿ ತೆಗೆದು ಪಕ್ಕದವನ ಕೈಗೆ ಕೊಟ್ಟುಬಿಡುತ್ತಾರೆ. ತಮ್ಮ ಕುರಿತೊಗಲಿನ ಕೋಟು ಬಿಚ್ಚಿ, ಇಬ್ಬರ ನೆರವಿನಿಂದ ಆಕೆಯನ್ನು ಮೆಲ್ಲಗೆ ಹೊರಳಿಸಿ, ಅದನ್ನು ಕೆಳಗೆ ಹಾಸುತ್ತಾರೆ. ಆಮೇಲೆ ಹೊದಿಕೆ, ತಲೆಗೆ ಉಣ್ಣೆಯ ಟೋಪಿ.

“ಎಚ್ಚರ ಇದೆಯಾ ನೋಡೋಣ, ಈಗ ಹೆಸರು ಹೇಳು ತಂಗಿ.”

ನೆವೆನಾ ಕಣ್ಣು ಬಿಡುವುದಿಲ್ಲ.

“ಏನಾಯ್ತೇ? ಮತ್ತೆ ತಪ್ಪು ಮಾಡಿದ್ನಾ?”

“ಪಾಸಾದ್ರಿ ಸ್ಪಾಸಣ್ಣ. ಐದು ನಿಮಿಷ ಯಾರೂ ಎಬ್ಬಿಸ್ಬೇಡಿ.”