ಎಡಬದಿಯ ಸೀಟು

ಸಿಂಧನೂರಿನ ಕಣ್ಣಿನ ಡಾಕ್ಟರು "ಇನ್ನ ಕಾರು ನಡಸಬ್ಯಾಡ್ರಿ" ಅಂದಾಗ ನನ್ನ ಯಜಮಾನರು ಸುಮ್ಮನೆ ತಲೆಯಾಡಿಸಿದರು. ಸಕ್ಕರೆ ಕಾಯಿಲೆ ಕಣ್ಣಿನ ಒಳಗಿನ ಪರದೆಯನ್ನು ತಿಂದಿತ್ತು. ಅಕ್ಕಪಕ್ಕದ್ದು ಅಷ್ಟಿಷ್ಟು ಕಾಣುತ್ತಿತ್ತು, ನೇರ ಎದುರಿಗೆ ಇದ್ದದ್ದು ಮಾತ್ರ ಮಸಿ ಬಳಿದಂತೆ. ಬಸ್ಸಿನಲ್ಲಿ ಮಸ್ಕಿಗೆ ಮರಳುವಾಗ ಅವರು ಆಡಿದ್ದು ಒಂದೇ ಮಾತು.

"ಅಕಿಗೆ ಹೇಳಬ್ಯಾಡ. ಲೈಸೆನ್ಸ್ ಬರೋತನ ತಡಿ. ನಾನ ಕಲಸ್ತೀನಿ."

ಅಕಿ ಅಂದರೆ ನಮ್ಮ ಮಗಳು. ಆಗಷ್ಟೇ ಹದಿನೆಂಟು ತುಂಬಿ, ಕಲಿಯುವವರ ಲೈಸೆನ್ಸು, ಅದೇ ಎಲ್ಎಲ್, ಕೈಗೆ ಬಂದಿತ್ತು. ತೊಡೆಯ ಮೇಲೆ ಕೂತು ಸ್ಟೇರಿಂಗ್ ಹಿಡಿಯುತ್ತಿದ್ದ ದಿನಗಳಿಂದ ಅಪ್ಪನೇ ಕಲಿಸಬೇಕೆಂದು ಹಟ ಹಿಡಿದವಳು. ಅಪ್ಪನ ಕಣ್ಣಿನ ಸಂಗತಿ ತಿಳಿದರೆ ಅವಳು ಕೀಲಿಯನ್ನೇ ಮುಟ್ಟುವವಳಲ್ಲ. ಕಲಿಸುವ ಆ ಒಂದು ಕೆಲಸವೂ ತಪ್ಪಿಹೋದರೆ ಇವರಿಗೆ ಉಳಿಯುವುದೇನು ಎಂದು ನನಗೂ ಅನಿಸಿತು.

ಕಲಿಯುವವರ ಎಡಕ್ಕೆ ಲೈಸೆನ್ಸ್ ಇದ್ದವರು ಕೂರಬೇಕೆಂಬುದು ಕಾಯಿದೆ. ಇವರ ಲೈಸೆನ್ಸಿಗೆ ಇನ್ನೂ ಆಯುಷ್ಯವಿತ್ತು, ಕಣ್ಣಿಗೆ ಇರಲಿಲ್ಲ. ನನಗೆ ಕಣ್ಣಿತ್ತು, ಲೈಸೆನ್ಸ್ ಇರಲಿಲ್ಲ. ಹಾಗಾಗಿ ನಾನು ಹಿಂದಿನ ಸೀಟಿಗೆ ಹೋದೆ.

ಬೆಳಗ್ಗೆ ಹಾಲು ಕಾಸಿಟ್ಟು ಹೊರಡುತ್ತಿದ್ದೆವು. ಕಾನ್ವೆಂಟ್ ಹಾಸ್ಟೆಲಿನ ಸಿಸ್ಟರುಗಳ ಕೈಯಲ್ಲಿ, ತುಟಿಯ ಮೇಲೆ ಬೆರಳಿಟ್ಟು ಬೆಳೆದವಳು ನಾನು. ಮಾತು ಮೊದಲಿನಿಂದಲೂ ಕಡಿಮೆ. ಆ ದಿನಗಳಲ್ಲಿ ಮಾತ್ರ ದಾರಿಯುದ್ದಕ್ಕೂ ಹರಟಿದೆ.

"ಅಯ್ಯ, ಎಷ್ಟ್ ಮೇವು ಹೇರ್‍ಯಾನ ನೋಡ್ರಿ ಆ ಟ್ರ್ಯಾಕ್ಟರಿನಾವ."

"ನಿಧಾನವ್ವಾ, ಮುಂದ ಟ್ರ್ಯಾಕ್ಟರ್ ಐತಿ," ಎಂದು ಇವರು ತಕ್ಷಣ ಮಗಳಿಗೆ ಹೇಳುತ್ತಿದ್ದರು.

ಸಿಂಧನೂರಿನ ಕಡೆ ಹೋದರೆ ರೈತರು ಅರ್ಧ ರಸ್ತೆಗೆ ಭತ್ತ ಹರವಿ, ಅಂಚಿಗೆ ಕಲ್ಲು ಸಾಲಿಟ್ಟಿರುತ್ತಾರೆ. "ಈ ಸಲ ಭತ್ತ ಭಾಳ ಚಂದ ಬಂದಂಗೈತಿ, ಎಡಕ್ಕೆಲ್ಲಾ ಒಣಗಾಕ್ಯಾರ," ಅನ್ನುತ್ತಿದ್ದೆ.

"ಬಲಕ್ಕ ತೊಗೊ. ಕಲ್ಲದಾವ."

"ಕಂಡಾವಪ್ಪಾ. ಮಮ್ಮೀ, ನೀ ಜರಾ ಸುಮ್ನ ಕುಂದರ್ತಿಯೇನು? ರೇಡಿಯೋ ಆಗೀದಿ."

"ಇರ್‍ಲಿ ಬಿಡು, ಮಾತಾಡ್ಲಿ," ಇವರು ನಗುತ್ತಿದ್ದರು. "ಲಗ್ನ ಆದಾಗಿಂದ ಇಷ್ಟ್ ಮಾತಾಡಿಲ್ಲ ಅಕಿ."

ನಾನು ಹೇಳಲಾಗದ್ದನ್ನು ಅವರ ಕಿವಿ ಹಿಡಿಯುತ್ತಿತ್ತು. ಇಂಜಿನ್ ಮುಲುಗಿದರೆ ಗೇರ್ ಇಳಿಸು ಅನ್ನುವರು. ಕ್ಲಚ್ಚಿನ ಮೇಲೆ ಕಾಲು ಉಳಿದಿದೆ ಎಂಬುದೂ ಅವರಿಗೆ ತಿಳಿಯುತ್ತಿತ್ತು. ಪಾಮನಕಲ್ಲೂರು ದಾರಿಯಲ್ಲಿ ಒಮ್ಮೆ ಕುರಿಹಿಂಡು ಅಡ್ಡ ಬಂದಾಗ ನನ್ನ ಮಾತು ತಡವಾಯಿತು. ಮಗಳೇ ಬ್ರೇಕ್ ಒತ್ತಿದ್ದಳು. "ಶಾಬಾಸ್," ಅಂದರು. ಡ್ಯಾಶ್‌ಬೋರ್ಡಿನ ಮೇಲೆ ಊರಿದ್ದ ಅವರ ಬೆರಳುಗಳು ಬೆಳ್ಳಗಾಗಿದ್ದವು.

ಲಿಂಗಸುಗೂರಿನ ಬಯಲಲ್ಲಿ ಟೆಸ್ಟು. ಆರ್‌ಟಿಒ ಸಾಹೇಬರು ಎಡಕ್ಕೆ ಹತ್ತಿದರು. ನಾವಿಬ್ಬರೂ ಬೇವಿನ ನೆರಳಿಗೆ ಸರಿದೆವು. ಇವರು ಕಾರಿನತ್ತಲೇ ಮುಖ ಮಾಡಿ ನಿಂತಿದ್ದರು.

"ಏನ್ ಮಾಡಾಕತ್ಯಾಳ?"

"ಹಿಂದಕ್ಕ ತೊಗೊಳಾಕತ್ಯಾಳ್ರಿ."

"ಕನ್ನಡಿ ನೋಡಾಕತ್ಯಾಳೋ, ಹೊಳ್ಳಿ ನೋಡಾಕತ್ಯಾಳೋ?"

"ಎರಡೂ."

"ಹಂಗಾದ್ರ ಪಾಸಾದ್ಲು," ಎಂದು ಕರವಸ್ತ್ರ ತೆಗೆದು ಕನ್ನಡಕ ಒರೆಸಿದರು. ಯಾಕೆ ಒರೆಸಿದರೋ.

ಪಾಸಾದಳು. ಓಡಿ ಬಂದು ಅಪ್ಪನ ಅಂಗೈಗೆ ಕೀಲಿ ಇಟ್ಟಳು. "ವಾಪಸ್ ನೀ ನಡಸು ಅಪ್ಪಾ. ನೀ ನಡಸಿದ್ದು ನೋಡಿ ಎಷ್ಟ್ ದಿನಾ ಆತು."

ಇವರು ಕೀಲಿಯನ್ನು ಹೆಬ್ಬೆರಳಿನಿಂದ ಸವರುತ್ತ ನಿಂತರು. ಮುದಗಲ್ ಬಸ್ಸೊಂದು ಹಾರ್ನ್ ಹೊಡೆದು ದಾಟಿಹೋಯಿತು.

"ನನಗ ಕಾಣಂಗಿಲ್ಲವ್ವಾ."

"ಏನ್ ಕಾಣಂಗಿಲ್ಲ?"

"ನಿನ್ನ ಮಾರಿನೂ."

ಅವಳು ಮೊದಲು ನಕ್ಕಳು. ಆಮೇಲೆ ನನ್ನನ್ನು ನೋಡಿದಳು. ಟ್ರ್ಯಾಕ್ಟರು, ಭತ್ತ, ನನ್ನ ಹರಟೆ ಎಲ್ಲವೂ ಒಂದೊಂದಾಗಿ ಅವಳ ಮುಖದ ಮೇಲೆ ಹಾದುಹೋದವು. ಬೈಯುತ್ತಾಳೆ ಅಂದುಕೊಂಡೆ. "ಯಾವಾಗಿಂದ?" ಎಂದಷ್ಟೇ ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಅಪ್ಪನ ಕೈಯಿಂದ ಕೀಲಿ ತೆಗೆದುಕೊಂಡು, ಎಡಬದಿಯ ಬಾಗಿಲು ತೆರೆದು ಹಿಡಿದಳು. ಮಸ್ಕಿಯವರೆಗೆ ಅವಳು ತೀರ ನಿಧಾನವಾಗಿ ನಡೆಸಿದಳು.

ಕೆಲವು ದಿನಗಳಲ್ಲಿ ಪೋಸ್ಟಿನಲ್ಲಿ ಕಾರ್ಡು ಬಂತು. ಇವರು ಅದನ್ನು ಓರೆಯಾಗಿ, ಕಿವಿಯ ಹತ್ತಿರ ಹಿಡಿದು, ಕಣ್ಣಂಚಿನಿಂದ ಅವಳ ಫೋಟೋ ಹುಡುಕಿದರು. ಸಿಕ್ಕಿತೋ ಇಲ್ಲವೋ ಹೇಳಲಿಲ್ಲ. "ಚಲೋ ಬಂದೈತಿ" ಅಂದರು.

ಮರುದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದಿತ್ತು. ಮಗಳು ಕಾರು ಹೊರಗೆ ತಂದಳು. ಇವರು ಕಾರಿನ ಮೈ ಸವರುತ್ತ ಮುಂದಿನ ಬಾಗಿಲು ದಾಟಿ ಹಿಂದಿನದನ್ನು ತೆರೆದರು.

"ಅಪ್ಪಾ, ಮುಂದ ಬಾ," ಅಂದಳು.

"ಯಾಕವ್ವಾ? ಇನ್ನ ನಿನ್ನ ಬಾಜೂಕ ಯಾರೂ ಬೇಕಾಗಿಲ್ಲ. ನಿಮ್ಮವ್ವ ಕುಂದರ್ಲಿ."

ಅವಳು ಕನ್ನಡಿಯನ್ನು ಸರಿಮಾಡತೊಡಗಿದಳು. ಬಹಳ ಹೊತ್ತು ಸರಿಮಾಡಿದಳು.

ನಾನು ಮುಂದೆ ಕೂತೆ. ಅವರ ಉದ್ದ ಕಾಲುಗಳಿಗಾಗಿ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಲಾಗಿತ್ತು. ಮುಂದಕ್ಕೆ ಎಳೆದುಕೊಳ್ಳುವ ಹಿಡಿಕೆ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಸಿಂಧನೂರು ಬರುವತನಕ ಎಳೆದುಕೊಳ್ಳಲಿಲ್ಲ.