ಬಿಳಿಗೆರೆಯ ವನಜಾಕ್ಷಿಯ ಹಗುರ ಕೈ

ಬೆಳಗಿನ ಐದೂವರೆ. ಬಿಳಿಗೆರೆಯ ಮೂಡಲಗಿರಿಯಪ್ಪನವರ ಕೊಬ್ಬರಿ ಶೆಡ್ಡಿನಲ್ಲಿ ಇನ್ನೂ ಬಲ್ಬು ಉರಿಯುತ್ತಿದೆ. ಆರು ಜನ ಹೆಂಗಸರು ಗೋಣಿತಾಟಿನ ಮೇಲೆ ಸಾಲಾಗಿ ಕೂತಿದ್ದಾರೆ. ಸಾಲಿನ ತುದಿಯಲ್ಲಿರುವ ವನಜಾಕ್ಷಿ, ನಾರು ಸುಲಿದ ಕಾಯಿಯೊಂದನ್ನು ಎಡಗೈಯಲ್ಲಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತು ನೀರಾರಿದ ಕಾಯಿ. ಒಳಗೆ ಉಂಡೆ ಕೊಬ್ಬರಿ ಲೊಟಲೊಟ ಎನ್ನುತ್ತದೆ. ಬಲಗೈಯ ಮಚ್ಚು ಚಿಪ್ಪಿನ ಸುತ್ತ ನಾಲ್ಕು ಕಡೆ ತಾಗುತ್ತದೆ. ಚಿಪ್ಪು ಬಿಟ್ಟುಕೊಳ್ಳುತ್ತದೆ, ಉಂಡೆ ಒಂದು ಗೀರೂ ಇಲ್ಲದೆ ಮಡಿಲಿಗೆ ಉರುಳುತ್ತದೆ. ಅಷ್ಟರಲ್ಲಿ ಇನ್ನೊಂದು ಕಾಯಿ ಕೈಗೆ ಬಂದಿರುತ್ತದೆ.

ಸಂಜೆಯೊಳಗೆ ಎಂಟುನೂರು ಕಾಯಿ. ಹಂಗಾಮಿನಲ್ಲಿ ಸಾವಿರವೂ ದಾಟುತ್ತದೆ. ಮಚ್ಚು ಕೂದಲೆಳೆಯಷ್ಟು ಹೆಚ್ಚು ಇಳಿದರೆ ಕೊಬ್ಬರಿಗೆ ಗಾಯವಾಗುತ್ತದೆ. ಗಾಯವಾದ ಉಂಡೆಯನ್ನು ತಿಪಟೂರಿನ ಮಾರುಕಟ್ಟೆಯಲ್ಲಿ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಹಾಗಾಗಿ ಈ ಕೆಲಸದಲ್ಲಿ ಜೋರಿಗೆ ಬೆಲೆಯಿಲ್ಲ, ಬೆಲೆ ಇರುವುದು ತಡೆದು ನಿಲ್ಲಿಸುವ ಕೈಗೆ.

ಈ ಇಪ್ಪತ್ತೇಳು ವರ್ಷದ ಹೆಣ್ಣುಮಗಳು ಕಳೆದ ಡಿಸೆಂಬರಿನಲ್ಲಿ, ಅಂದರೆ 2005ರಲ್ಲಿ, ಸೇಬರ್ ಕತ್ತಿವರಸೆಯಲ್ಲಿ ರಾಷ್ಟ್ರಮಟ್ಟದ ಚಿನ್ನ ಗೆದ್ದಿದ್ದಾರೆ ಎಂದರೆ ಊರಿನವರೇ ಅರ್ಧ ನಂಬುತ್ತಾರೆ. ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿ ನೋಡಿ. ಕ್ರಿಕೆಟ್ ತಂಡದ ಹನ್ನೆರಡನೆಯವನ ಹೆಸರೂ ಗೊತ್ತು ನಮ್ಮ ಜನಕ್ಕೆ, ಏಳು ಕಿಲೋಮೀಟರ್ ಆಚೆಯ ವನಜಾಕ್ಷಿ ಗೊತ್ತಿಲ್ಲ. ಈ ಮಾತಿಗೆ ಸಿಟ್ಟಾಗಬೇಕಾದ ಅವರು ನಗುತ್ತಾರೆ. ಸಿಟ್ಟಾಗಲು ಪುರುಸೊತ್ತಿಲ್ಲ ಎಂಬಂತೆ.

ಕತ್ತಿ ಅವರ ಕೈಗೆ ಬಂದದ್ದು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಶ್ರೀರಂಗಯ್ಯನವರಿಂದ. ಮೇಷ್ಟ್ರು ತರಬೇತಿಗೆ ಹೋದಾಗ ಈ ಆಟದ ಹುಚ್ಚು ಹತ್ತಿಸಿಕೊಂಡು, ಎರಡು ಹಳೇ ಸೇಬರ್ ಕತ್ತಿ, ತಂತಿಬಲೆಯ ಎರಡು ಮುಖವಾಡ ಹೊತ್ತು ತಂದಿದ್ದರು. ಸೇಬರ್ ಎಂದರೆ ಅಂಚು ತಾಗಿಸಿದರೂ ಅಂಕ ಕೊಡುವ ಕತ್ತಿ. ಸೊಂಟದಿಂದ ಮೇಲೆ ಎಲ್ಲಿ ತಾಗಿದರೂ ಸರಿ. 1996ರಲ್ಲಿ ವನಜಾಕ್ಷಿ ಹತ್ತನೇ ತರಗತಿ ಮುಗಿಸಿ ಅವ್ವ ಪುಟ್ಟಗಂಗಮ್ಮನ ಜೊತೆ ಶೆಡ್ಡಿಗೆ ಕೂತಾಗಿತ್ತು. ಅಪ್ಪ ತೀರಿಕೊಂಡಿದ್ದರು. ಮನೆ ನಡೆಯುತ್ತಿದ್ದುದು ಈ ಎರಡು ಮಚ್ಚುಗಳಿಂದ. ಆದರೂ ಸಂಜೆ ಕೊಬ್ಬರಿ ಒಣಗಿಸುವ ಕಣ ಖಾಲಿಯಾದ ಮೇಲೆ ಮೇಷ್ಟ್ರು ಸೈಕಲ್ಲಿನಲ್ಲಿ ಬರುತ್ತಿದ್ದರು. ಸುಣ್ಣದಲ್ಲಿ ಹದಿನಾಲ್ಕು ಮೀಟರಿನ ಪಟ್ಟೆ ಎಳೆದು ಕಲಿಸಿದರು. ಹುಡುಗಿಯ ಕಾಲು ಚುರುಕು, ಕಣ್ಣು ಇನ್ನೂ ಚುರುಕು.

ಮಾರನೇ ವರ್ಷ ರಾಜ್ಯಮಟ್ಟದ ಕೂಟ. ಅಲ್ಲಿ ಏಟು ತಾಗಿದ್ದನ್ನು ತೋರಿಸುವ ವಿದ್ಯುತ್ ಯಂತ್ರವಿರಲಿಲ್ಲ. ಅಂಕಣದ ನಾಲ್ಕು ಮೂಲೆಗಳಲ್ಲಿ ನಾಲ್ವರು ನಿಂತು, ಏಟು ಬಿದ್ದದ್ದು ಕಂಡರೆ ಕೈ ಎತ್ತಬೇಕು. ವನಜಾಕ್ಷಿಯ ಕತ್ತಿ ಎದುರಾಳಿಗೆ ಮತ್ತೆ ಮತ್ತೆ ತಾಗಿತು, ಒಂದು ಕೈಯೂ ಮೇಲೇಳಲಿಲ್ಲ. ಯಾರ ಕಣ್ಣಿಗೂ ಕಾಣದಷ್ಟು ಹಗುರವಾಗಿತ್ತು ಆ ಏಟು. ಐದಕ್ಕೆ ಸೊನ್ನೆಯಲ್ಲಿ ಸೋತರು.

“ಜೋರಾಗಿ ಹೊಡಿಯವ್ವ, ನೋಡೋರಿಗೆ ಕಾಣ್ಬೇಕು ಅಂತ ಮೇಷ್ಟ್ರು ಬಡ್ಕೊಂಡ್ರು. ನನ್ ಕೈಗೆ ಬತ್ತಾನೇ ಇರ್ಲಿಲ್ಲ ಕಣ್ರೀ. ಮುಟ್ಟಿದ ತಕ್ಷಣ ತಾನಾಗೇ ನಿಂತೋಗದು. ಚಿಪ್ಪಿನ ಲೆಕ್ಕ ಅದಕ್ಕೆ,” ಎನ್ನುತ್ತಾರೆ ವನಜಾಕ್ಷಿ.

ಸೋತ ಹಟದಲ್ಲಿ ಮನೆಗೆ ಬಂದು ಸೂರಿಗೆ ಗೋಣಿಚೀಲ ಕಟ್ಟಿದರು. ಎರಡು ತಿಂಗಳು ದಿನವೂ ಮುನ್ನೂರು ಏಟು, ಬೀಸಿ ಬೀಸಿ. ಕೈ ಜೋರು ಕಲಿತೇ ಬಿಟ್ಟಿತು. ಆದರೆ ಕಲಿತ ಕೈ ಶೆಡ್ಡಿಗೆ ಬಂದಾಗ ಸುಮ್ಮನಿರುತ್ತದೆಯೇ? ಒಂದೇ ವಾರದಲ್ಲಿ ನೂರಕ್ಕೂ ಹೆಚ್ಚು ಕೊಬ್ಬರಿಗೆ ಗಾಯ. ಮೂಡಲಗಿರಿಯಪ್ಪ ಕೆಟ್ಟ ಮನುಷ್ಯರಲ್ಲ, ಕೂಗಾಡಲಿಲ್ಲ. ಗಾಯದ ಉಂಡೆಗಳನ್ನು ವನಜಾಕ್ಷಿಯ ಮುಂದೆಯೇ ಗುಡ್ಡೆ ಹಾಕಿಸಿ, ಇದು ಹೀಗೇ ಆದರೆ ನಾರು ಗುಡಿಸುವ ಕೆಲಸ ಮಾತ್ರ ಉಳಿಯುತ್ತದೆ ಎಂದು ಹೇಳಿ ಹೋದರು. ಸಾಲಿನಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಅವ್ವ ಆ ಗುಡ್ಡೆಯಿಂದ ಒಂದೊಂದೇ ಉಂಡೆ ಎತ್ತಿ ಗೋಣಿಗೆ ತುಂಬತೊಡಗಿದರು. ಮಗಳಿಗೆ ಅದೇ ಎಲ್ಲಕ್ಕಿಂತ ಉರಿಯಿತು.

ಕತ್ತಿಗೆ ಬೇಕಾದ ಕೈ ಬೇರೆ, ಅನ್ನಕ್ಕೆ ಬೇಕಾದ ಕೈ ಬೇರೆ. ಇದ್ದದ್ದು ಒಂದೇ ಬಲಗೈ. ಕತ್ತಿಯನ್ನು ಮೇಷ್ಟ್ರಿಗೆ ವಾಪಸು ಕೊಡಲು ಹೊರಟವರು ಅರ್ಧ ದಾರಿಯಲ್ಲಿ ನಿಂತರಂತೆ. ಹೆಗಲು ನೋಯುತ್ತಿತ್ತೆಂದು ಕತ್ತಿಯನ್ನು ಎಡಗೈಗೆ ಬದಲಾಯಿಸಿದ್ದರು. ಅದನ್ನು ಹಾಗೇ ಹಿಡಿದುಕೊಂಡು ಮನೆಗೆ ತಿರುಗಿದರು.

ಎಡಗೈಗೆ ಕತ್ತಿ ಕಲಿಸಲು ಎರಡು ವರ್ಷ ಬೇಕಾಯಿತು. ಕಸ ಗುಡಿಸುವುದು, ಬಿಂದಿಗೆ ಎತ್ತುವುದು, ಬಟ್ಟೆ ಒಗೆಯುವುದು ಎಲ್ಲ ಎಡಗೈಗೆ ಬಂತು. ಊಟ ಮತ್ತು ಮಚ್ಚು ಮಾತ್ರ ಬಲಗೈಯದು. ಅದು ಮೆಲ್ಲಗೆ ತನ್ನ ಹಳೇ ಹಗುರಕ್ಕೆ ಮರಳಿತು. ಓಣಿಯ ಹೆಂಗಸರು ಎಡಚಿ ಎಂದು ಆಡಿಕೊಂಡರು. ಒಂದು ಅನುಕೂಲವೂ ಆಯಿತು. ಈ ಆಟದಲ್ಲಿ ಪಂದ್ಯ ಮುಗಿದ ಮೇಲೆ ಕತ್ತಿಯಿಲ್ಲದ ಕೈಯನ್ನು ಎದುರಾಳಿಗೆ ಕೊಡಬೇಕು. ಮೊದಲ ಕೂಟದಲ್ಲಿ ಎಡಗೈ ಚಾಚಲು ಮನಸ್ಸಾಗದೆ, ಕತ್ತಿ ಕಂಕುಳಿಗೆ ಸಿಕ್ಕಿಸಿ ಎರಡೂ ಕೈ ಜೋಡಿಸಿ ತೀರ್ಪುಗಾರರಿಂದ ಬೈಸಿಕೊಂಡಿದ್ದರು. ಈಗ ಮರ್ಯಾದೆಯಾಗಿ ಬಲಗೈ ಕೊಡಬಹುದು.

2000ದಿಂದ ಐದು ಸಲ ರಾಜ್ಯ ಚಾಂಪಿಯನ್. ಪ್ರತಿ ಸಲವೂ ಶನಿವಾರ ರಜೆ ಕೇಳಿ ಹೋಗಿ, ಸೋಮವಾರ ಐದೂವರೆಗೆ ಶೆಡ್ಡಿನಲ್ಲಿ ಹಾಜರು. ರಾಷ್ಟ್ರಮಟ್ಟದಲ್ಲಿ ಮಾತ್ರ ಕಂಚು ದಾಟಲಿಲ್ಲ. ಎದುರಾಳಿಯ ಕತ್ತಿ ಬಿದ್ದು ತೋಳಿನ ಮೇಲೆ ಎದ್ದ ಬಾಸುಂಡೆಗೆ ಅವ್ವ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ನೀನೂ ಹೀಗೇ ಹೊಡೆಯುತ್ತೀಯಾ ಎಂದು ಕೇಳುತ್ತಿದ್ದರು. ವನಜಾಕ್ಷಿ ಮಾತು ಮರೆಸುತ್ತಿದ್ದರು.

2003ರ ತರಬೇತಿ ಶಿಬಿರಕ್ಕೆ ಕೊರಿಯಾದ ಚಾಂಪಿಯನ್ ಒಬ್ಬರು ನಾಲ್ಕು ದಿನದ ಮಟ್ಟಿಗೆ ಬಂದಿದ್ದರು. ಹೆಸರು ನಾಲಿಗೆಗೆ ಹೊರಳದೆ ವನಜಾಕ್ಷಿ ಇವತ್ತಿಗೂ ‘ಕೊರಿಯಾದಕ್ಕ’ ಎನ್ನುತ್ತಾರೆ. ಆಕೆಗೆ ಕೊಡಲೆಂದು ಚಿಪ್ಪಿನ ಸಮೇತ ಐದು ಕಾಯಿ ಒಯ್ದಿದ್ದರು. ಅಡುಗೆಮನೆಯ ಕತ್ತಿಯಲ್ಲಿ ಒಂದನ್ನು ಒಡೆದು ಉಂಡೆ ತೆಗೆದು ತೋರಿಸಿದರು. ಕೊರಿಯಾದಕ್ಕನಿಗೂ ಹುರುಪು ಬಂತು. ಕತ್ತಿ ಇಸಿದುಕೊಂಡು ಬೀಸಿದರೆ ಚಿಪ್ಪೂ ಎರಡು, ಕೊಬ್ಬರಿಯೂ ಎರಡು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಚೂರನ್ನು ಬಾಯಿಗೆ ಹಾಕಿಕೊಂಡು ನಗುತ್ತ, ವನಜಾಕ್ಷಿಯ ಬಲಗೈ ಹಿಡಿದು ತಿರುಗಿಸಿ ನೋಡಿದರು. ಈ ಕೈಗೆ ಯಾಕೆ ಕತ್ತಿ ಕೊಟ್ಟಿಲ್ಲ ಎಂದು ದುಭಾಷಿಯ ಮೂಲಕ ಕೇಳಿದರು. ಅದು ಸೋತ ಕೈ ಎಂದೇ ವನಜಾಕ್ಷಿ ಆರು ವರ್ಷ ತಿಳಿದಿದ್ದರು.

ಹಾಗೆಂದು ಮರುದಿನವೇ ಕೈ ಬದಲಿಸುವ ಧೈರ್ಯ ಬರಲಿಲ್ಲ. ಬಲಗೈ ಮತ್ತೆ ಕತ್ತಿಯ ರುಚಿ ಹತ್ತಿಸಿಕೊಂಡರೆ ಶೆಡ್ಡಿನ ಗತಿ? ಅವ್ವನ ಬೆರಳುಗಳು ಆಗಲೇ ಮರಗಟ್ಟಿ, ಅವರು ಉಂಡೆ ವಿಂಗಡಿಸಲು ಮಾತ್ರ ಕೂರುತ್ತಿದ್ದರು. ಮನೆಯಲ್ಲಿ ದುಡಿಯುವ ಮಚ್ಚು ಉಳಿದಿದ್ದು ಒಂದೇ.

ಕಳೆದ ಡಿಸೆಂಬರಿನಲ್ಲಿ ಆ ಧೈರ್ಯ ಬಲವಂತವಾಗಿ ಬಂತು. ಸೆಮಿಫೈನಲ್ಲಿನ ಕೊನೆಯ ಏಟಿನಲ್ಲಿ ಎದುರಾಳಿಯ ಕತ್ತಿಯ ಹಿಡಿ ಬಡಿದು ಎಡ ಮಣಿಕಟ್ಟು ಊದಿಕೊಂಡಿತು. ಫೈನಲ್ಲಿಗೆ ಒಂದು ಗಂಟೆ. ಬಿಟ್ಟುಕೊಟ್ಟರೂ ಬೆಳ್ಳಿ ಇದೆ, ಮನೆಗೆ ಹೋಗೋಣ ಎಂದರು ಶ್ರೀರಂಗಯ್ಯ ಮೇಷ್ಟ್ರು. ವನಜಾಕ್ಷಿ ಎದ್ದು ಹೋಗಿ ತಂಡದ ಹುಡುಗಿಯಿಂದ ಬಲಗೈಯ ಗವಸು, ಬಲಗೈಯ ಕತ್ತಿ ಕೇಳಿ ತಂದರು.

ಎಡಚಿಯನ್ನು ಎದುರಿಸಲು ಸಿದ್ಧವಾಗಿ ಬಂದ ಎದುರಾಳಿ ಮೊದಲು ತಬ್ಬಿಬ್ಬಾದರೂ ಬೇಗ ಚೇತರಿಸಿಕೊಂಡಳು. ಎರಡಕ್ಕೆ ಏಳು ಹಿಂದೆ ಬಿದ್ದರು ವನಜಾಕ್ಷಿ. ಎಂಟು ವರ್ಷದ ಮೇಲೆ ಕತ್ತಿ ಹಿಡಿದ ಕೈಯನ್ನು ಜೋರು ಮಾಡಲು ಹೆಣಗುತ್ತಿದ್ದುದೇ ತಪ್ಪಾಗಿತ್ತು. ಇಲ್ಲಿ ಮೂಲೆಯಲ್ಲಿ ನಿಂತು ನೋಡುವವರಿಲ್ಲ. ಲೋಹದ ಅಂಗಿಗೆ ಕತ್ತಿ ಸೋಕಿದರೆ ಸಾಕು, ಯಂತ್ರದಲ್ಲಿ ದೀಪ ಹತ್ತುತ್ತದೆ. ಇದನ್ನು ನೆನಪಿಸಿಕೊಂಡ ಮೇಲೆ ಕೈಯನ್ನು ಅದರ ಪಾಡಿಗೆ ಬಿಟ್ಟರು. ದಿನಕ್ಕೆ ಎಂಟುನೂರು ಕಾಯಿ ಒಡೆದ ಕೈ ತಾಗಿತು, ನಿಂತಿತು, ಎದುರಾಳಿಯ ಕತ್ತಿ ಬರುವಷ್ಟರಲ್ಲಿ ಹಿಂದಕ್ಕೆ ಬಂದಿತ್ತು. ದೀಪ ಹತ್ತುತ್ತಲೇ ಹೋಯಿತು. ನನಗೇನೂ ತಾಗಿಲ್ಲ, ಯಂತ್ರ ಕೆಟ್ಟಿದೆ ಎಂದು ಎದುರಾಳಿ ಎರಡು ಸಲ ತಕರಾರು ಎತ್ತಿದಳು. ತೀರ್ಪುಗಾರರು ಎರಡು ಸಲವೂ ಪರೀಕ್ಷಿಸಿದರು. ಯಂತ್ರ ಸರಿಯಾಗಿಯೇ ಇತ್ತು. ಹದಿನೈದಕ್ಕೆ ಹನ್ನೆರಡು.

ಪಂದ್ಯ ಮುಗಿದಾಗ ಊದಿದ ಎಡಗೈಯನ್ನೇ ಚಾಚಿದರಂತೆ. ಆ ಹುಡುಗಿ ನೋಯಿಸದ ಹಾಗೆ ಹಿಡಿದುಕೊಂಡಳು.

ಸೋಮವಾರ ಶೆಡ್ಡಿಗೆ ಬಂದು ಕೂತಾಗ ಚಿನ್ನದ ಖುಷಿಗಿಂತ ಕೈಯ ಹೆದರಿಕೆಯೇ ಹೆಚ್ಚಿತ್ತು, ಅದು ಮತ್ತೆ ಜೋರು ಕಲಿತುಬಿಟ್ಟಿದೆಯೋ ಎಂದು. ಮೊದಲ ಐವತ್ತು ಉಂಡೆಗಳನ್ನು ಮೂಡಲಗಿರಿಯಪ್ಪ ಒಂದೊಂದೇ ತಿರುಗಿಸಿ ನೋಡಿದರು. ಒಂದಕ್ಕೂ ಗಾಯವಿರಲಿಲ್ಲ. ಅವರು ಕಾಫಿ ತರಿಸಿದರು.

ಈಗ ಏನು ಬೇಕು ಎಂದು ವನಜಾಕ್ಷಿಯನ್ನು ಕೇಳಿ ನೋಡಿ. ತಿಪಟೂರಿಗೆ ದೀಪ ಹತ್ತುವ ಒಂದು ಯಂತ್ರ ಬಂದರೆ ಚೆನ್ನಾಗಿತ್ತು, ಅವ್ವ ಒಂದು ಸಲ ನೋಡಬಹುದಿತ್ತು ಎನ್ನುತ್ತಾರೆ. ಪಕ್ಕದಲ್ಲೇ ಕೂತು ಉಂಡೆ ವಿಂಗಡಿಸುತ್ತಿರುವ ಪುಟ್ಟಗಂಗಮ್ಮ ತಲೆ ಎತ್ತುವುದಿಲ್ಲ. ಪದಕ ತಂದ ದಿನ ಅವರು ಅದನ್ನು ಕೈಯಲ್ಲಿ ಹಿಡಿದು ತೂಗಿ, ಗೂಡಿನಲ್ಲಿಟ್ಟು, ಆ ಹುಡುಗಿಗೆ ಏಟಾಯಿತಾ ಎಂದಷ್ಟೇ ಕೇಳಿದ್ದರಂತೆ.

“ಇಲ್ಲ ಕಣವ್ವ, ಅವ್ಳಿಗೆ ಗೊತ್ತೇ ಆಗ್ಲಿಲ್ಲ ಅಂದೆ. ಹಂಗಾರೆ ಸರ್ಯಾಗೇ ಹೊಡ್ದಿದ್ದೀಯ ಬುಡು ಅಂದ್ರು ನಮ್ಮವ್ವ.”